ಮೊರೆತ ನಿಂತ ಹನ್ನೊಂದು ನಿಮಿಷ

ಸಾಗವಾನಿಯ ಹಳೆಯ ಮೇಜು. ಅದರ ಮೇಲೆ ಬೆಳ್ಳಿಬಣ್ಣದ ಮುಖದ ಒಂದು ರೇಡಿಯೋ ಟ್ಯೂನರ್. ಅದರ ಕೆಳಗೆ, ಅಷ್ಟೇ ಅಗಲದ, ಹೆಚ್ಚು ಭಾರದ ಆಂಪ್ಲಿಫೈಯರ್. ಟ್ಯೂನರಿನ ಉದ್ದನೆಯ ಗಾಜಿನ ಹಿಂದೆ ಜೇನುಬಣ್ಣದ ಬೆಳಕು, ಬೆಳಕಿನಲ್ಲಿ ಅಂಕಿಗಳ ಸಾಲು, ಸಾಲಿನ ನಡುವೆ ಎಲ್ಲಿಗೂ ಹೊರಡದೆ ನಿಂತ ಕೆಂಪು ಕಡ್ಡಿ. ಎಡಕ್ಕೆ ಉಗುರಿನಷ್ಟು ಕಿಟಕಿಯೊಳಗೆ ಮಲಗಿರುವ, ಕೇಂದ್ರದ ಬಲ ತೋರುವ ಒಂದು ಮುಳ್ಳು. ಬಲಕ್ಕೆ ಅಂಗೈ ತುಂಬುವ ತಿರುಗಣಿ. ಅದರ ಬದಿಗೆ ನಾಲ್ಕು ಸಣ್ಣ ಸ್ವಿಚ್ಚುಗಳು. ಮೂರರ ಹೊಳಪು ಕೊಂಡ ದಿನದಂತೆಯೇ ಇದೆ. ನಾಲ್ಕನೆಯದು, ಮ್ಯೂಟಿಂಗ್ ಎಂದು ಬರೆದಿರುವುದು, ಹೆಬ್ಬೆರಳು ಒತ್ತಿ ಒತ್ತಿ ಒಳಗಿನ ಹಿತ್ತಾಳೆ ತೋರುತ್ತಿದೆ. ಗೋಡೆಯ ಎರಡು ಮೂಲೆಗಳಲ್ಲಿ ಎರಡು ಸ್ಪೀಕರ್ ಪೆಟ್ಟಿಗೆಗಳು, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಇಬ್ಬರಂತೆ. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕ ಮೇಜಿನ ಕಾಲಿನವರೆಗೆ ಬಂದು ನಿಂತಿದೆ.

ಆ ಹೆಬ್ಬೆರಳು ನನ್ನದು.

ಕ್ಷೀಣವಾದ ಕೇಂದ್ರವೊಂದು ಮೊರೆತವನ್ನು ಹೊತ್ತು ಬಂದರೆ, ದನಿ, ಮೊರೆತ ಎರಡನ್ನೂ ಹೊರಗೇ ತಡೆದು ಮೌನವನ್ನಷ್ಟೇ ಒಳಗೆ ಬಿಡುವುದು ಆ ಸ್ವಿಚ್ಚಿನ ಕೆಲಸ. ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಪುಣೆಯ ಹಳೆಯ ಸಾಮಾನಿನ ಪೇಟೆಯಿಂದ ಈ ಟ್ಯೂನರನ್ನು ತಂದೆ. ನಿವೃತ್ತನಾಗಿ ತಿಕೋಟಾದ ಈ ಮನೆಗೆ ಬಂದ ಮೇಲೂ ಸ್ವಿಚ್ಚು ಒತ್ತಿಯೇ ಇತ್ತು. ಎರಡು ಸಾಲುಗಳ ನಡುವಿನ ಬಿಳಿ ಜಾಗವನ್ನು ಸಾಲಿಗಿಂತ ಹೆಚ್ಚು ನಂಬಿದವನು ನಾನು. ಮೊರೆತವನ್ನು ಸಹಿಸಿದವನಲ್ಲ.

ಆ ಮಧ್ಯಾಹ್ನ ನಾಲ್ಕಕ್ಕೆ ಕದ ಬಡಿದವನು ಮಲಂಗಸಾಬ. ಬಸ್‌ಸ್ಟ್ಯಾಂಡಿನ ಬಳಿ ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಈ ಟ್ಯೂನರಿಗೂ ಎರಡು ಬಾರಿ ಜೀವ ಕೊಟ್ಟವನು. ಆರು ವರ್ಷಗಳಿಂದ ನನ್ನೊಡನೆ ಮಾತಿರಲಿಲ್ಲ. ಹೆಗಲ ಮೇಲೆ ಅಲ್ಯೂಮಿನಿಯಂ ಕೊಳವೆಗಳ ಏರಿಯಲ್, ಕೈಯಲ್ಲಿ ವಾಯರಿನ ಸುರುಳಿ.

"ಬರ್ರಿ. ಚಾ ಮಾಡಲೇನು?"

"ಚಾ ಕುಡ್ಯಾಕ ಬಂದಿಲ್ರಿ. ನಿಮ್ಮ ಮುಖಾ ನೋಡಾಕೂ ಬಂದಿಲ್ಲ. ಪೆಟ್ಟಿಗಿ ಸಂಬಂಧ ಬಂದೇನಿ. ನಾಕೂವರಿಗೆ ನನ್ನ ಮಗಳು ಶಾಹಿಸ್ತಾ ರೇಡಿಯೋದಾಗ ಓದತಾಳ."

"ಏನು ಓದತಾಳ?"

"ಕವಿತಾ. ನೀವು ಬ್ಯಾಡ ಅಂದಿದ್ರಲ್ಲ, ಅದನ್ನ."

"ಬ್ಯಾಡ ಅಂದಿರಲಿಲ್ಲ, ಮಲಂಗಸಾಬ."

"ಕೆಂಪು ಮಸೀಲೆ ಬರದಿದ್ರಿ. ನನಗ ಓದಾಕ ಬರತೈತ್ರಿ, ಮಾಸ್ತರ್ರ."

ಬರೆದಿದ್ದೆ. ಆರು ವರ್ಷಗಳ ಹಿಂದೆ, ಪಿಯುಸಿ ಓದುತ್ತಿದ್ದ ಹುಡುಗಿ ತನ್ನ ಕವಿತೆಗಳ ವಹಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಿದ್ದಳು. ಮೂರನೆಯ ಪುಟದ ಕೆಳಗೆ ನಾನು ಬರೆದದ್ದು ಒಂದೇ ವಾಕ್ಯ: ಇಲ್ಲಿ ಬರೀ ಸದ್ದಿದೆ, ಕವಿತೆಯಿಲ್ಲ. ಉಳಿದ ಪುಟಗಳನ್ನು ತಿರುವಿರಲಿಲ್ಲ. ಆಮೇಲೆ ಆಕೆ ಬರೆಯಲಿಲ್ಲವೆಂದು ಊರವರಿಂದ ಕೇಳಿದೆ. ಓದು ಮುಗಿಸಿ ವಿಜಯಪುರದ ಒಣದ್ರಾಕ್ಷಿ ಶೀತಲಗೃಹವೊಂದರಲ್ಲಿ ಕೆಲಸಕ್ಕೆ ಸೇರಿದಳೆಂದೂ ಕೇಳಿದೆ. ಮತ್ತೆ ಬರೆಯತೊಡಗಿದ್ದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಆಕೆ ಓದಲಿರುವುದು ವಿಜಯಪುರದ ಕಾಲೇಜೊಂದು ನಡೆಸುವ ಪುಟ್ಟ ಬಾನುಲಿಯಲ್ಲಿ. ಅದರ ದನಿ ಅಥಣಿ ರಸ್ತೆಯ ಹೊಸ ಬಡಾವಣೆಗಳನ್ನು ದಾಟಿ, ದ್ರಾಕ್ಷಿ ತೋಟಗಳನ್ನು ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ದಣಿದುಹೋಗುತ್ತದೆ.

"ಮನ್ಯಾಗ ಮೂರು ಸೆಟ್ಟು ಹಚ್ಚಿ ನೋಡೀನಿ. ಒಂದೂ ಹಿಡಿಯಂಗಿಲ್ಲ. ಹಿಡದ್ರ ಇದೊಂದ ಹಿಡೀಬೇಕು. ನನ್ನ ನಸೀಬ, ಅದು ನಿಮ್ಮ ಮನ್ಯಾಗ ಐತಿ."

"ವಿಜಯಪುರಕ್ಕ ಹೋಗಿ ಎದುರಿಗೇ ಕೇಳಬಹುದಿತ್ತಲ್ಲ."

"ನೀ ಎದುರಿಗೆ ಕುಂತ್ರ ನನ್ನ ನಾಲಿಗಿ ತೊದಲತೈತಿ ಅಂದಾಳ." ಮಲಂಗಸಾಬ ಮೊದಲ ಬಾರಿಗೆ ದನಿ ಇಳಿಸಿದ. "ಅಬ್ಬಾ, ನಲವತ್ತು ವರ್ಷ ಮಂದಿ ದನಿ ರಿಪೇರಿ ಮಾಡೀದಿ, ಒಂದ ಸಲಾ ನಿನ್ನ ಮನೀ ದನಿ ಕೇಳು ಅಂದಾಳ. ಸಂಜಿ ಬಸ್ಸಿಗೆ ಬರತಾಳ. ಬಂದಾಕೀನ ಹ್ಯಾಂಗಿತ್ತು ಅಂತ ಕೇಳತಾಳ. ನಾ ಹೇಳಬೇಕಲ್ಲ?"

ಆತ ಟ್ಯೂನರಿನ ಮುಂದೆ ಮಂಡಿಯೂರಿ, ತನ್ನ ಹಳೆಯ ರೂಢಿಯಂತೆ, ಮುಚ್ಚಳದ ಮೇಲೆ ಕಿವಿಯಿಟ್ಟ. ಯಾವ ಸೆಟ್ಟನ್ನೇ ಆಗಲಿ, ಬಿಚ್ಚುವ ಮೊದಲು ಹಾಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹಿಂಬದಿಗೆ ಕೈ ಹಾಕಿ, ಪಡದೆಯ ಹಿಂದೆ ನಾನು ಸಿಕ್ಕಿಸಿದ್ದ ಚಪ್ಪಟೆ ವಾಯರನ್ನು ಎಳೆದು ತೆಗೆದ.

"ಇದೇನ್ರಿ, ಏರಿಯಲ್ಲೋ, ಬಟ್ಟಿ ಒಣಾಕೂ ಹಗ್ಗೋ?"

"ನನಗೆ ಬೇಕಾದ ಕೇಂದ್ರ ಅದರಲ್ಲೇ ಬರತೈತಿ."

"ನಿಮಗ ಬೇಕಾದ್ದ ನಿಮಗ ಬರತೈತಿ. ಅದ ನಿಮ್ಮ ರೋಗ."

ಹೊಸ ವಾಯರಿನ ಎರಡು ತುದಿಗಳನ್ನು ಟ್ಯೂನರಿನ ಬೆನ್ನಿಗೆ ಬಿಗಿದ. ಇನ್ನೊಂದು ಕೊನೆಯನ್ನು ಬೆಳಕಿಂಡಿಯಿಂದ ಮೇಲಕ್ಕೆ ತೂರಿಸಿದ. ಕೆಂಪು ಕಡ್ಡಿಯನ್ನು ತೊಂಬತ್ತರ ತುಸು ಬಲಕ್ಕೆ ನಿಲ್ಲಿಸಿ, ನನ್ನ ಸ್ವಿಚ್ಚನ್ನು ಮೇಲಕ್ಕೆತ್ತಿದ. ಕೋಣೆಯೊಳಗೆ ಮೊರೆತ ನುಗ್ಗಿತು, ಕಾದ ಹಂಚಿನ ಮೇಲೆ ನಿಲ್ಲದೆ ನೀರು ಸುರಿದಂತೆ.

"ಮೊರೀಲಿ ಬಿಡ್ರಿ. ಆಕಿ ಕೇಂದ್ರ ಸಿಕ್ಕಿತಂದ್ರ ಮೊರತ ತಾನ ಇಳೀತೈತಿ, ಒಳಗಿಂದ ದನಿ ಏಳತೈತಿ. ಈ ಸ್ವಿಚ್ಚು ಮುಟ್ಟಬ್ಯಾಡ್ರಿ. ನಾ ಮಾಳಿಗಿ ಮ್ಯಾಲ ಏರಿಯಲ್ ತಿರುಗಸ್ತೇನಿ. ನೀವು ಇಲ್ಲಿ ಕುಂತು ಹೌದು, ಇಲ್ಲ ಅನ್ರಿ, ಸಾಕು. ಇಲ್ಲ ಅನ್ನೂದು ನಿಮಗ ಭಾಳ ಚಲೋ ಬರತೈತಿ."

ನಿಚ್ಚಣಿಕೆ ಕಿರುಗುಟ್ಟಿತು. ಮಾಳಿಗೆಯ ಮಣ್ಣಿನ ಮೇಲೆ ಆತನ ಹೆಜ್ಜೆಗಳು ಪೂರ್ವದ ಅಂಚಿಗೆ ನಡೆದವು.

ನಾನು ಮೊರೆತದೊಡನೆ ಒಬ್ಬನೇ ಉಳಿದೆ. ಅದು ಕಿವಿಯಲ್ಲಿ ನಿಲ್ಲದೆ ಹಲ್ಲುಗಳಿಗೆ ಇಳಿಯಿತು. ಗಡಿಯಾರದಲ್ಲಿ ನಾಲ್ಕೂವರೆಯಾಯಿತು. ಹುಡುಗಿಯ ವಹಿಯ ಉಳಿದ ಪುಟಗಳಲ್ಲಿ ಏನಿದ್ದಿರಬಹುದೆಂದು ಯೋಚಿಸುತ್ತಿದ್ದೆ. ಯೋಚನೆಗೆ ನಿಶ್ಶಬ್ದ ಬೇಕಿತ್ತು. ಹೆಬ್ಬೆರಳು ಯಾವ ಗಳಿಗೆಯಲ್ಲಿ ಎದ್ದು ಹೋಯಿತೋ ಈಗಲೂ ಹೇಳಲಾರೆ. ಮನೆಯೊಳಗೆ ಬಂದವನು ಚಪ್ಪಲಿ ಬಿಡುವಷ್ಟು ಸಹಜವಾಗಿ ಅದು ಹಿತ್ತಾಳೆಯ ತುದಿಯನ್ನು ಕೆಳಗೊತ್ತಿತು. ಮೊರೆತ ನಿಂತಿತು. ನನಗೆ ಹಾಯೆನಿಸಿತು. ಅಷ್ಟೇ ನೆನಪು.

"ಬಂತೇನ್ರಿ?" ಬೆಳಕಿಂಡಿಯಿಂದ ಕೂಗು.

"ಇಲ್ಲ."

"ಈಗ?"

"ಮುಳ್ಳು ಹಂದ್ಯಾಡಾಕತ್ತೈತಿ. ದನಿ ಇಲ್ಲ."

ಕೊಳವೆಗಳು ಕಲ್ಲಿಗೆ ತಾಗಿದ ಸದ್ದು. ಗಾಳಿ. ಆತ ಏರಿಯಲ್ಲನ್ನು ಅಡ್ಡ ಹಿಡಿದ, ನೆಟ್ಟಗೆ ಹಿಡಿದ, ಮತ್ತೆ ಅಡ್ಡ ಹಿಡಿದ. ಬಿಸಿಲಿನ ಚೌಕದೊಳಗೆ ಅದರ ನೆರಳು ತಿರುಗುತ್ತಿತ್ತು. ಪ್ರತಿ ಬಾರಿಯೂ ಕೇಳಿದ. ಪ್ರತಿ ಬಾರಿಯೂ ನಾನು ಪ್ರಾಮಾಣಿಕವಾಗಿ ಇಲ್ಲವೆಂದೆ.

"ಇಗೋ, ನನ್ನ ತಲಿ ಮ್ಯಾಲ ಎತ್ತಿ ಹಿಡದೇನಿ. ಈಗರೆ?"

"ಇಲ್ಲ, ಮಲಂಗಸಾಬ."

ಮೇಲೆ ಎಲ್ಲ ನಿಂತಿತು. ಬೆಳಕಿಂಡಿಯ ಅಂಚಿನಲ್ಲಿ ಆತನ ಮುಖ ಮೂಡಿತು. ಬಿಸಿಲಿಗೆ ಬೆನ್ನಾಗಿ ಕಪ್ಪಾಗಿದ್ದ ಮುಖ.

"ಮೊರತ ಕೇಳಸವಲ್ದಲ್ರಿ."

"ನಿಂತೈತಿ."

"ಮೊರತ ನಿಂತ್ರ ದನಿ ಬರಬೇಕು. ದನಿ ಇಲ್ಲಂದ್ರ ಮೊರತ ಇರಬೇಕು." ಆತ ಇನ್ನಷ್ಟು ಬಗ್ಗಿದ. "ಎರಡೂ ಇಲ್ಲೇನು?"

ಆಗ ನನ್ನ ಕೈಯನ್ನು ನೋಡಿಕೊಂಡೆ. ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

ನಾನು ಸ್ವಿಚ್ಚನ್ನು ಎತ್ತುವ ಮೊದಲೇ ಆತ ನಿಚ್ಚಣಿಕೆಯ ಅರ್ಧದಿಂದ ಧುಮುಕಿ ಒಳಗೆ ಬಂದಿದ್ದ. ನನ್ನ ಕೈಯನ್ನು ಸರಿಸಿದ. ಸರಿಸಿದನೆನ್ನುವುದು ಮೃದುವಾದ ಮಾತು. ಸ್ವಿಚ್ಚು ಮೇಲಕ್ಕೆ ಹೋಯಿತು. ತೆಳ್ಳನೆಯ ಮೊರೆತ, ಅದರೊಳಗಿಂದ ಬೆಳೆದ ಹೆಣ್ಣಿನ ದನಿ, ಸ್ಪಷ್ಟವಾಗಿ, ತೊದಲದೆ:

"…ಕಿವಿಯಿಟ್ಟು, ಎಲ್ಲಿ ನೋವು ಎಂದು ಕೇಳುತ್ತಾನೆ."

ಚಪ್ಪಾಳೆ. ಯಾರೋ ಆಕೆಯ ಹೆಸರು ಹೇಳಿ ವಂದಿಸಿದರು. ಆಮೇಲೆ ಬಿತ್ತನೆ ಬೀಜದ ಕುರಿತು ಒಂದು ಮಾತುಕತೆ ಶುರುವಾಯಿತು. ನಾಲ್ಕು ನಲವತ್ತೊಂದು.

ಮೇಜಿನ ಮುಂದೆ ಬಗ್ಗಿದ್ದ ಮಲಂಗಸಾಬ ನೆಟ್ಟಗಾದ. ಅಂಗೈಯಲ್ಲಿ ಅಲ್ಯೂಮಿನಿಯಂ ಕೊರೆದ ಗೆರೆ ಕೆಂಪಾಗಿತ್ತು.

"ಯಾರು ಕೇಳತಾನ?" ಎಂದ. "ಯಾರಿಗೆ ಕೇಳತಾನ? ಏನು ಓದಿದ್ಲು ಆಕಿ?"

"ರೂಢಿ, ಮಲಂಗಸಾಬ. ಬೇಕಂತ ಮಾಡಿದ್ದಲ್ಲ."

"ಅದನ್ನ ನಾನೂ ಅನ್ನಾಕತ್ತೇನಿ. ಬೇಕಂತ ಮಾಡಿದ್ರ ಒಂದ ಸಲಾ ಮಾಡತಿದ್ರಿ. ರೂಢಿ ಐತಿ, ಅದಕ್ಕ ಆವತ್ತೊಮ್ಮಿ, ಇವತ್ತೊಮ್ಮಿ, ಎರಡ ಸಲಾ ಆತು."

ನನ್ನ ಬಳಿ ಕೊಡಲು ಒಂದೇ ಒಂದು ವಸ್ತುವಿತ್ತು. ಅದನ್ನು ಕೊಟ್ಟೆ. "ಅದು ನಿಮ್ಮ ಮ್ಯಾಲಿನ ಕವಿತಾ. ಸೆಟ್ಟಿಗೆ ಕಿವಿ ಇಟ್ಟು ಕೇಳಾಂವ ನೀವ. ಭಾಳ ಚಲೋ ಸಾಲು ಅದು. ಆಕಿ ಬಂದ್ರ ಹಂಗ ಹೇಳ್ರಿ."

ಆತ ನನ್ನತ್ತ ತಿರುಗಿದ. ಮುಖದಲ್ಲಿ ಏನೋ ಸಡಿಲಾದಂತೆ ತೋರಿತು, ಮರುಗಳಿಗೆ ಬಿಗಿಯಿತು.

"ಆವತ್ತ ಮೂರು ಹಾಳಿ ಓದಿ ಬರೀ ಸದ್ದು ಅಂದ್ರಿ. ಇವತ್ತ ಒಂದ ಸಾಲು ಕೇಳಿ ಕವಿತಾ ಅನ್ನಾಕತ್ತೀರಿ. ನಿಮ್ಮ ಮಾತು ಆಕಿಗೆ ಒಯ್ದು ಕೊಡಲಿ? ಕೇಳಲಿಲ್ಲ ಅಂತನ ಹೇಳತೇನಿ. ಯಾಕ ಕೇಳಲಿಲ್ಲ ಅನ್ನೂದನ್ನೂ ಹೇಳತೇನಿ."

"ಏರಿಯಲ್?"

"ಇರ್ಲಿ ಅಲ್ಲೇ. ಕಾಗಿ ಕುಂದರತಾವ."

ಬಿತ್ತನೆ ಬೀಜದ ಮಾತು ಮೊರೆತದೊಡನೆ ಸಾಗಿಯೇ ಇತ್ತು. ನಾನು ಸ್ವಿಚ್ಚನ್ನು ಮುಟ್ಟಲಿಲ್ಲ. ಆತ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದ. ನಮ್ಮ ಕದ ನೆಲಕ್ಕೆ ಉಜ್ಜುತ್ತದೆ. ತುಸು ಎತ್ತಿ ಎಳೆದರೆ ಮಾತ್ರ ಕೂಡುತ್ತದೆ. ಹಳೆಯ ದಿನಗಳಿಂದ ಆತನಿಗೆ ಅದು ಗೊತ್ತಿತ್ತು. ಹೊರಗೆ ನಿಂತು, ಎತ್ತಿ, ಎಳೆದುಕೊಂಡ. ಕದ ಚೌಕಟ್ಟಿಗೆ ಕೂಡಿ ಮುಚ್ಚಿತು.