ವಾಸು ನಿಂತ ಹಲಗೆ

ನಾನು ಒಂದು ಮೀನುಗಾರಿಕೆ ಬೋಟು. ಅದಕ್ಕೂ ಮೊದಲು ಹೆಬ್ಬಲಸಿನ ಮರವಾಗಿದ್ದೆ. ಘಟ್ಟದ ಬುಡದಲ್ಲಿ ಯಾರ ಗೋಜಿಗೂ ಹೋಗದೆ ನಿಂತಿದ್ದೆ. ಒಂದು ದಿನ ಕೊಡಲಿ ಬಂತು, ಹಿಂದೆಯೇ ಲಾರಿ ಬಂತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಕುಂದಾಪುರದ ಬಡಗು ದಿಕ್ಕಿಗಿರುವ ಕಿರಿಬೆಂಗ್ರೆಯ ಮರಳ ಮೇಲೆ ಬಿದ್ದಿದ್ದೆ. ಅಣ್ಣಪ್ಪ ಆಚಾರಿ ನನ್ನನ್ನು ಸೀಳಿ, ಬಾಗಿಸಿ, ಮೊಳೆ ಹೊಡೆದು, ಸಂದಿಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ಬೋಟು ಮಾಡಿದ. ಬಾಯ್ತುಂಬ ಎಲೆಯಡಿಕೆ, ಕೈಯಲ್ಲಿ ಉಳಿ, ಮಾತೆಂದರೆ ಬೈಗುಳ. ನನ್ನ ಮೂತಿಯ ಹತ್ತಿರ ಮನುಷ್ಯ ನಿಲ್ಲಲೆಂದು ಒಂದು ದಪ್ಪ ಹಲಗೆ ಕೂರಿಸುವಾಗ ಮಾತ್ರ ಅವನು ಬೈಯಲಿಲ್ಲ. ಕಾಲಿನಿಂದ ಅದನ್ನು ಒದ್ದು ನೋಡಿ, "ಇದೊಂದ್ ಗಟ್ಟಿ ಇದ್ರೆ ಸಾಕ್. ಮೇಲೆ ನಿತ್ತವ ಬೀಳುಕಾಗ," ಎಂದ.

ಮೇಲೆ ನಿಂತವನು ಬೀಳಬಾರದೆಂಬ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನನ್ನ ಮೊದಲ ಯಜಮಾನರು ಇಸ್ಮಾಯಿಲ್ ಸಾಹೇಬರು. ಸೊಸೆಯಂತೆ ದುಡಿಸಿದರು, ಮಗಳಂತೆ ಮೆರೆಸಿದರು. ಮಳೆಗಾಲಕ್ಕೆ ಮುಂಚೆ ದಡಕ್ಕೆಳೆದು, ತೆಂಗಿನ ಗರಿ ಹೊದಿಸಿ, ಮೈಗೆಲ್ಲ ಮೀನೆಣ್ಣೆ ಹಚ್ಚಿಸುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅವರು ನನ್ನನ್ನು ಕುಷ್ಟ ತಾಂಡೇಲನಿಗೆ ಮಾರಿದರು. ಬೋಟಿನ ಚುಕ್ಕಾಣಿ ಹಿಡಿದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಹೊರಡುವಾಗ ಸಾಹೇಬರು ನನ್ನ ಪಕ್ಕೆಯನ್ನೊಮ್ಮೆ ತಟ್ಟಿದರು. ಹಿಂದಿರುಗಿ ನೋಡಲಿಲ್ಲ.

ಕುಷ್ಟನ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಿಂದ ನೀರು ತೆಗೆದ ಹಾಗೆ. ಅದಕ್ಕೇ ಇರಬೇಕು, ದೇವರು ಅವನಿಗೆ ವಾಸುವಿನಂಥ ಭಾವನನ್ನು ಕೊಟ್ಟದ್ದು. ವಾಸು ಕುಷ್ಟನ ಒಬ್ಬಳೇ ತಂಗಿ ಮೂಕಾಂಬುವಿನ ಗಂಡ. ಬಲೆ ಬಿಡುವಾಗ ಹಾಡು, ಎಳೆಯುವಾಗ ತಮಾಷೆ, ಮೀನು ಸಿಗದ ದಿನ ಸಮುದ್ರಕ್ಕೇ ಬೈಗುಳ. ನಿಲ್ಲುವುದು ಮಾತ್ರ ಯಾವಾಗಲೂ ಆ ಮುಂದಿನ ಹಲಗೆಯ ಮೇಲೆ. ಅವನ ಕಾಲಿನ ತೂಕ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇರೆ ಯಾರಾದರೂ ಅಲ್ಲಿ ನಿಂತರೆ ಇರಿಸುಮುರಿಸಾಗುತ್ತಿತ್ತು.

ನಮ್ಮ ಕಸುಬಿನ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು. ನಮ್ಮದು ತೇಲುವ ಬಲೆ. ಒಂದು ಊರಿನಿಂದ ಇನ್ನೊಂದು ಊರಿಗಿರುವಷ್ಟು ಉದ್ದಕ್ಕೆ ನೀರಿನಲ್ಲಿ ಹರಡಿಕೊಂಡಿರುತ್ತದೆ. ದೊಡ್ಡ ಹಡಗಿನವರಿಗೆ ಅದು ಕಾಣುವುದಿಲ್ಲ. ಹಡಗು ಅದರ ಮೇಲೆ ಹಾದರೆ ವರ್ಷಗಳ ದುಡಿಮೆ ಚೂರುಚೂರು. ಹಾಗಾಗಿ ಹಡಗು ಬಲೆಯ ಕಡೆ ಬರುತ್ತಿದ್ದರೆ ನಾವು ದೂರ ಓಡುವುದಿಲ್ಲ, ಅದರ ಎದುರಿಗೇ ಹೋಗುತ್ತೇವೆ. ಒಬ್ಬ ಮೂತಿಯಲ್ಲಿ ನಿಂತು ಕೆಂಪು ಬಟ್ಟೆ ಬೀಸುತ್ತಾನೆ. ಇಲ್ಲಿ ಬಲೆಯಿದೆ, ಸ್ವಲ್ಪ ಬದಿಗೆ ಹೋಗಿ ಎಂದು ಅದರ ಅರ್ಥ. ಹೆಚ್ಚಿನ ಹಡಗುಗಳು ಒಮ್ಮೆ ಕೂಗು ಹಾಕಿ ಬದಿಗೆ ಸರಿಯುತ್ತಿದ್ದವು. ವಾಸು ಬೀಸುತ್ತಿದ್ದುದು ಮೂಕಾಂಬುವಿನ ಹಳೆಯ ಕೆಂಪು ಸೀರೆಯ ಅರ್ಧ ಭಾಗವನ್ನು. ಉಳಿದರ್ಧ ಮನೆಯಲ್ಲಿ ಅನ್ನದ ಪಾತ್ರೆ ಇಳಿಸುವ ಬಟ್ಟೆಯಾಗಿತ್ತು.

ಆ ದಿನ ಬೇಸಿಗೆಯ ಹಗಲು. ಗಾಳಿಯಿಲ್ಲದ ಸಮುದ್ರ. ಜೊತೆಗಿದ್ದ ಇಬ್ಬರು ಆಳುಗಳು ದಣಿದು ಒಳಗೆ ನಿದ್ದೆ ಹೋಗಿದ್ದರು. ಕುಷ್ಟ ಚುಕ್ಕಾಣಿಯಲ್ಲಿ, ವಾಸು ಹಲಗೆಯ ಮೇಲೆ. ಪಡುವಣದಿಂದ ಒಂದು ಸರಕು ಹಡಗು ನೇರವಾಗಿ ಬಲೆಯ ಮೇಲೇ ಬರುತ್ತಿತ್ತು. ಕುಷ್ಟ ಇಂಜಿನ್ ಚಾಲು ಮಾಡಿ ನನ್ನ ಮೂತಿಯನ್ನು ಅದರತ್ತ ತಿರುಗಿಸಿದ. ವಾಸು ಸೀರೆ ಬಿಚ್ಚಿ ಬೀಸತೊಡಗಿದ. ಹಡಗು ಸರಿಯಲಿಲ್ಲ.

"ಹಡಗಿನವ್ರಿಗೆ ಕಣ್ಣೇ ಇಲ್ಲೆ ಕಾಂತ್, ಭಾವ! ಇನ್ನೊಂಚೂರ್ ಹತ್ರ ಹ್ವಾಪ!" ಎಂದು ವಾಸು ಕೂಗಿದ. ಅವನ ದನಿಯಲ್ಲಿ ಆಗಲೂ ನಗು ಇತ್ತು.

ಒಮ್ಮೆಲೇ ಪಟಪಟ ಸದ್ದು ಬಂತು. ನನ್ನ ಇಂಜಿನ್ನೇ ಕೆಟ್ಟಿತೆಂದುಕೊಂಡೆ. ಪಕ್ಕೆಯಲ್ಲಿ ಏನೋ ಹೊಕ್ಕು ಹಲಗೆ ಸೀಳಿತು. ಆಮೇಲೆ ಮೂತಿಯ ಮೇಲಿನ ತೂಕ ಬದಲಾಯಿತು. ಇಷ್ಟು ವರ್ಷ ಎರಡು ಪಾದಗಳ ಮೇಲಿದ್ದ ತೂಕ ಇಡೀ ಹಲಗೆಯ ಉದ್ದಕ್ಕೂ ಹರಡಿತು. ಹಡಗು ನಿಲ್ಲದೆ ಬಲೆಯ ಮೇಲೆ ಹಾದುಹೋಯಿತು. ಎಚ್ಚೆತ್ತು ಬಂದ ಆಳುಗಳ ಕೈಗೆ ಕುಷ್ಟ ಚುಕ್ಕಾಣಿ ಕೊಟ್ಟು, ವಾಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಡ ಕಾಣುವವರೆಗೆ ಅವನ ಹೆಸರನ್ನೇ ಕರೆಯುತ್ತಿದ್ದ. ಅಷ್ಟು ಮಾತಾಡಿದ್ದನ್ನು ನಾನು ಅವನ ಬಾಯಲ್ಲಿ ಕೇಳಿಯೇ ಇರಲಿಲ್ಲ. ವಾಸುವಿನ ಮುಷ್ಟಿಯಲ್ಲಿದ್ದ ಸೀರೆಯನ್ನು ಬಿಡಿಸಲು ದಡದಲ್ಲಿ ಇಬ್ಬರು ಬೇಕಾಯಿತು.

ಸರಕಾರದ ಬೋಟುಗಳು ಹಡಗನ್ನು ಅಡ್ಡಗಟ್ಟಿ ದೊಡ್ಡ ಬಂದರಿಗೆ ತಂದವು. ಗುಂಡು ಹೊಡೆದವನು ಪರದೇಶದ ನೌಕಾಪಡೆಯ ಸೈನಿಕ. ಕಡಲ್ಗಳ್ಳರಿಂದ ಕಾಯಲೆಂದು ಅವನ ದೇಶ ಅವನನ್ನು ಆ ಹಡಗಿನಲ್ಲಿ ನಿಲ್ಲಿಸಿತ್ತಂತೆ. ಅವನನ್ನು ಬಂಧಿಸಿದರು. ನನ್ನನ್ನೂ ಬಂಧಿಸಿದರು. ನಮ್ಮೂರ ಬಂದರಿನ ಮೂಲೆಯಲ್ಲಿ ಕಟ್ಟಿ, ಗುಂಡು ಹೊಕ್ಕ ಜಾಗವನ್ನು ಗರಗಸದಿಂದ ಕತ್ತರಿಸಿ ಒಯ್ದು, ಮೈಮೇಲೆ ಒಂದು ನಂಬರು ಬರೆದರು. ಅಂದಿನಿಂದ ನಾನು ಬೋಟಲ್ಲ, ಕೇಸಿನ ಸಾಕ್ಷಿಗೆ ಇಟ್ಟ ಮುದ್ದೆಮಾಲು.

ಆಮೇಲೆ ಶುರುವಾಯಿತು ನೋಡಿ ಮಾತಿನ ಹಬ್ಬ. ಮೈಕು ಹಿಡಿದವರು, ಕ್ಯಾಮೆರಾ ಹೊತ್ತವರು, ಬಾವುಟ ಹಿಡಿದವರು. ಅವನನ್ನು ಇಲ್ಲೇ ಗಲ್ಲಿಗೇರಿಸಬೇಕೆಂದು ಒಬ್ಬ, ಕರ್ತವ್ಯದಲ್ಲಿದ್ದವನು ಕಡಲ್ಗಳ್ಳರೆಂದು ತಪ್ಪು ತಿಳಿದನೆಂದು ಇನ್ನೊಬ್ಬ. ವಿಚಾರಣೆ ನಮ್ಮ ಕೋರ್ಟಿನಲ್ಲೋ ಅವರದ್ದರಲ್ಲೋ ಎಂದು ಮತ್ತೊಬ್ಬ. ಗುಂಡು ಬಿದ್ದ ನೀರು ನಮ್ಮದೋ ಎಲ್ಲರದೋ ಎಂದು ಸಮುದ್ರಕ್ಕೆ ಗೆರೆ ಎಳೆದು ಜಗಳವಾಡಿದರು. ಇಷ್ಟು ವರ್ಷ ಓಡಾಡಿದ್ದೇನೆ, ಆ ಗೆರೆ ನನಗೆ ಎಂದೂ ಕಂಡಿಲ್ಲ. ಅವನ ದೇಶದಲ್ಲೂ ಜನ ಬೀದಿಗಿಳಿದರಂತೆ, ನಮ್ಮ ಹುಡುಗನನ್ನು ಬಿಡಿ ಎಂದು. ಬಂದರಿನ ಹೋಟೆಲಿನ ಟೀವಿಯಲ್ಲಿ ಅವನ ತಾಯಿ ಅಳುವುದನ್ನು ತೋರಿಸಿದಾಗ ಚಹಾ ಕುಡಿಯುತ್ತಿದ್ದವರು ಚಾನೆಲ್ ಬದಲಾಯಿಸೆಂದು ಗದರಿದರು.

ಈ ಎಲ್ಲದರ ನಡುವೆ ಒಂದು ಕತೆ ಹುಟ್ಟಿತು. ವಾಸು ನಿದ್ದೆಯಲ್ಲಿದ್ದಾಗ ಅವನನ್ನು ಕೊಂದರು ಎಂಬ ಕತೆ. ಊರಿನ ಮುಖಂಡ ಸಚ್ಚಿದಾನಂದ ಹೆಗ್ಡೆಯವರು ನನ್ನ ಮೇಲೆಯೇ ನಿಂತು ಅದನ್ನು ಕ್ಯಾಮೆರಾಗಳಿಗೆ ಹೇಳಿದರು. ಕೇಳಿದವರ ಕಣ್ಣಲ್ಲಿ ನೀರು ಬಂತು. ಎಲ್ಲರೂ ಹೋದ ಮೇಲೆ ಅವರು ಕುಷ್ಟನ ಪಕ್ಕ ಕೂತರು.

"ಕುಷ್ಟಣ್ಣ, ಇಂಜಿನ್ ಬಂದ್ ಇತ್ತ್, ಎಲ್ಲ ಮನಿಕಂಡಿದ್ರ್ ಅಂದೇ ಹೇಳಿ. ಎದುರ್ ಹೋದ್ರಿ ಅಂದ್ರೆ ಅವ್ರ ವಕೀಲ್ರ್ ನಿಮ್ಮನ್ನೇ ಕಳ್ರ್ ಮಾಡ್ತ್ರ್."

ಹೆಗ್ಡೆಯವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿದ್ದರೂ ಬುದ್ಧಿಯಿತ್ತು. ಕುಷ್ಟ ಆಗಲಿ ಎಂದು ತಲೆಯಾಡಿಸಿದ.

ಒಂದು ಸಂಜೆ ಮೂಕಾಂಬು ಖಾಲಿ ಮೀನುಬುಟ್ಟಿ ಹಿಡಿದು ಬಂದಳು. ಕುಷ್ಟ ನನ್ನೊಳಗೆ ಸೇರಿದ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದ. ಅವಳು ಕಟ್ಟೆಯ ಮೇಲೆ ಕೂತು ಕೇಳಿದಳು: "ಅಣ್ಣ, ಅವ್ರ್ ಮನಿಕಂಡಿದ್ರಾ?"

"ಕೇಸಿಗೆ ಹಾಂಗ್ ಹೇಳ್ಕ್ ಅಂಬ್ರ್."

"ಕೇಸಿಗಲ್ಲ. ನಂಗೆ ಹೇಳ್."

ಕುಷ್ಟ ಡಬ್ಬಿ ಕೆಳಗಿಟ್ಟ. "ಇಲ್ಲೆ. ನಿತ್ಕಂಡಿದ್ದ. ನಾನೇ ಬೋಟ್ ಎದುರ್ ತಿರ್ಗ್ಸದ್ದ್."

ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹೆದರಿದೆ. ಕುಷ್ಟನೂ ಹೆದರಿದ್ದ. ಅವಳು ಬುಟ್ಟಿಯನ್ನು ಪಕ್ಕಕ್ಕಿಟ್ಟು ಹೇಳಿದಳು: "ಹಡಗ್ ಬಂದ್ರೆ ತಿರ್ಗ್ಸದೆ ಎಂತ ಮಾಡುಕಿತ್ತ್? ಆ ಸೀರೆ ನಾನೇ ಮಡ್ಚಿ ಕೊಟ್ಟದ್ದಲ್ದಾ? ಮನಿಕಂಡವ್ರ ಕೈಯಗೆ ಅದ್ ಹ್ಯಾಂಗ್ ಬಂತ್ ಅಂದೇಳಿ ಯಾರೂ ಕೇಂತಿಲ್ಲೆ. ಕೆಲ್ಸದ ಹೊತ್ತಿಗೆ ಕಣ್ ಮುಚ್ದವ್ರಲ್ಲ ಅವ್ರ್. ಊರೆಲ್ಲ ಸೇರಿ ಅವ್ರನ್ನ ಮನಗ್ಸಿ ಇಟ್ಟಿದ್ರ್."

ಬುಟ್ಟಿ ತೆಗೆದುಕೊಂಡು ಹೋದಳು. ಕುಷ್ಟ ಮತ್ತೆ ಡಬ್ಬಿಯನ್ನು ಮುಟ್ಟಲಿಲ್ಲ. ನೀರು ಒಳಗೇ ನಿಂತಿತು.

ನ್ಯಾಯಾಧೀಶರು ಸ್ಥಳ ಪರಿಶೀಲನೆಗೆಂದು ಬಂದರಿಗೇ ಬಂದರು. ಎರಡೂ ಕಡೆಯ ವಕೀಲರು, ಪೊಲೀಸರು, ಅವರ ನಡುವೆ ಆ ಸೈನಿಕ. ಅವನಿಗಾಗಿ ನಾನು ಕಾದಿದ್ದೆ. ಯಾರೋ ರಾಕ್ಷಸನಂಥವನು ಬರುತ್ತಾನೆ ಎಂದುಕೊಂಡಿದ್ದೆ. ಬಂದವನು ತೆಳ್ಳಗಿದ್ದ, ನಮ್ಮ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಹಾಗೆಂದು ನನ್ನ ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ.

ನ್ಯಾಯಾಧೀಶರು ಕುಷ್ಟನನ್ನು ಚುಕ್ಕಾಣಿಯ ಹತ್ತಿರ ನಿಲ್ಲಿಸಿ ಕೇಳಿದರು: "ಹಡಗು ಕಂಡಾಗ ನಿಮ್ಮ ಬೋಟು ಹೇಗಿತ್ತು?"

ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಮುಂದುಗಡೆ ಹೆಗ್ಡೆಯವರು. ತುಸು ಹಿಂದೆ ಬುಟ್ಟಿ ಹಿಡಿದ ಮೂಕಾಂಬು. ಕುಷ್ಟನ ಕೈ ಚುಕ್ಕಾಣಿಯ ಮೇಲಿತ್ತು. ಹೇಳಿಕೊಟ್ಟ ಮಾತು ಅವನ ಗಂಟಲವರೆಗೆ ಬಂದಿತ್ತು, ನನಗೆ ಗೊತ್ತು. ಆದರೆ ಕೈ ತಾನಾಗಿಯೇ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿತು, ಆ ದಿನ ತಿರುಗಿಸಿದ ಹಾಗೆಯೇ.

"ಹೀಂಗೆ ತಿರ್ಗ್ಸಿದೆ, ಒಡೆಯ. ಹಡಗಿನ್ ಎದ್ರಿಗೇ ಹೋದೆ. ಬಲೆ ಇತ್ತಲ್ದಾ. ಹಡಗ್ ಬಂದ್ರೆ ಎದುರ್ ಹೋಪ್ದೇ ನಮ್ಮ ಕ್ರಮ. ವಾಸು ಅಗೋ ಆ ಹಲ್ಗಿ ಮೇಲೆ ನಿತ್ಕಂಡ್ ಸೀರೆ ಬೀಸ್ತಿದ್ದ."

ಸೈನಿಕನ ವಕೀಲನ ಮುಖ ಅರಳಿತು. ಹೆಗ್ಡೆಯವರು ಕಣ್ಣು ಮುಚ್ಚಿಕೊಂಡರು. ಭಾಷೆ ಬಲ್ಲವರೊಬ್ಬರು ಕುಷ್ಟನ ಮಾತನ್ನು ಸೈನಿಕನಿಗೆ ತಿಳಿಸಿದರು. ಅವನು ಏನೋ ಕೇಳಿದ. ಕೆಂಪು ಬಟ್ಟೆ ಬೀಸಿದರೆ ಏನರ್ಥ ಎಂದು ಕೇಳುತ್ತಿದ್ದಾನೆ ಎಂದರು ಅವರು.

ಕುಷ್ಟ ಮೊದಲ ಬಾರಿಗೆ ಅವನ ಮುಖ ನೋಡಿದ. "ಬಲೆ ಇತ್ತ್, ಬದಿಗ್ ಹೋಯ್ನಿ ಅಂದೇಳಿ. ಕೈ ಮುಗ್ದಾಂಗೇ ಅದ್."

ಅದನ್ನು ಕೇಳಿ ಅವನು ನನ್ನ ಅಂಚಿನ ಮೇಲೆ ಕುಸಿದು ಕೂತ. ಅವನ ವಕೀಲ ತೋಳು ಹಿಡಿದು ಎಬ್ಬಿಸಿದ. ಅವನು ಅತ್ತನೋ ಇಲ್ಲವೋ ನನಗೆ ತಿಳಿಯದು, ಮುಖ ಆಚೆ ತಿರುಗಿತ್ತು. ತಿಳಿದು ನನಗೆ ಆಗಬೇಕಾದದ್ದೂ ಏನಿಲ್ಲ.

ಅಂದು ಸಂಜೆಯ ಟೀವಿಯಲ್ಲಿ ಒಂದೇ ಮಾತು: ಹಡಗಿನ ಮೇಲೆ ನುಗ್ಗಿದ್ದನ್ನು ಮೀನುಗಾರ ಒಪ್ಪಿಕೊಂಡ. ಯಾಕೆ ಹೋದರು ಎಂಬುದನ್ನು ಯಾರೂ ಹೇಳಲಿಲ್ಲ, ಅಷ್ಟುದ್ದದ ಮಾತಿಗೆ ಅವರಲ್ಲಿ ಜಾಗವಿರಲಿಲ್ಲ. ಹೆಗ್ಡೆಯವರು ಬಂದು, "ಹೀಂಗ್ ಮಾಡೂದಾ ಕುಷ್ಟಣ್ಣ," ಎಂದಷ್ಟೇ ಹೇಳಿ ಹೋದರು. ಮತ್ತೆ ಬರಲಿಲ್ಲ. ಕೇಸು ಕೆಡಿಸಿದವನು ಎಂದು ಊರು ಕುಷ್ಟನಿಗೆ ಬೆನ್ನು ತಿರುಗಿಸಿತು. ಅವನನ್ನು ಬೋಟಿಗೆ ಕರೆಯುವವರಿಲ್ಲವಾದರು. ಚುಕ್ಕಾಣಿ ಹಿಡಿದ ಕೈ ಕಟ್ಟೆಯ ಮೇಲೆ ಕೂತು ಬೇರೆಯವರ ಹರಿದ ಬಲೆ ಹೆಣೆಯತೊಡಗಿತು.

ಸೈನಿಕ ಕಾಯಿಲೆಯ ತಂದೆಯನ್ನು ನೋಡಿ ಬರುತ್ತೇನೆಂದು ಅನುಮತಿ ಪಡೆದು ತನ್ನ ದೇಶಕ್ಕೆ ಹೋದ. ಅಲ್ಲಿ ಅವನನ್ನು ಹೂವು ಕೊಟ್ಟು ಬರಮಾಡಿಕೊಂಡರಂತೆ. ಇನ್ನು ಕಳಿಸುವುದಿಲ್ಲ ಎಂದಿತು ಅವನ ದೇಶ. ಮತ್ತೆ ಕೆಲವು ದಿನ ಘೋಷಣೆ, ಪ್ರತಿಕೃತಿ ದಹನ. ಅಷ್ಟರಲ್ಲಿ ಚುನಾವಣೆ ಬಂತು, ಕ್ರಿಕೆಟ್ ಬಂತು, ಮೈಕುಗಳು ಬೇರೆ ಕಡೆ ಹೋದವು. ಕೇಸು ಎಲ್ಲೋ ಕಡಲಾಚೆಯ ದೊಡ್ಡ ಕೋರ್ಟಿಗೆ ಏರಿತು. ನನ್ನಿಂದ ಕತ್ತರಿಸಿದ ತುಂಡೂ ವಿಮಾನ ಹತ್ತಿ ಅಲ್ಲಿಗೆ ಹೋಯಿತಂತೆ. ನಾನು ಮಾತ್ರ ಹಗ್ಗದಲ್ಲೇ ಇದ್ದೆ. ಕೇಸು ಮುಗಿಯುವವರೆಗೆ ನನ್ನನ್ನು ಯಾರೂ ದುರಸ್ತಿ ಮಾಡುವಂತಿರಲಿಲ್ಲ. ಕತ್ತರಿಸಿದ ಜಾಗದಿಂದ ಮಳೆನೀರು ಒಳಬಂತು, ಮರಕ್ಕೆ ಹುಳು ಬಿತ್ತು, ಇಂಜಿನ್ ತುಕ್ಕಿನ ಮುದ್ದೆಯಾಯಿತು. ನೀರಿನಲ್ಲೇ ಇದ್ದು ಸಮುದ್ರಕ್ಕೆ ಹೋಗದೆ ಇರುವುದೆಂದರೆ ಏನೆಂದು ಬೋಟುಗಳಿಗೆ ಮಾತ್ರ ಗೊತ್ತು.

ಕೊನೆಗೊಂದು ದಿನ ಎರಡೂ ದೇಶಗಳ ದೊಡ್ಡವರು ಕೈ ಕುಲುಕಿ ಕೇಸು ಮುಗಿಸಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ನಿಮ್ಮ ಬೋಟು ಒಯ್ಯಿರಿ ಎಂದು ಕುಷ್ಟನಿಗೆ ಹೇಳಿದರು. ಅವನು ಬಂದು ಕೈಯಿಟ್ಟಲ್ಲೆಲ್ಲ ನಾನು ಪುಡಿಯಾದೆ. ಸೌದೆಗಲ್ಲದೆ ಬೇರೆ ಯಾವುದಕ್ಕೂ ಆಗದು ಎಂದು ನೋಡಿದವರು ಹೇಳಿದರು. ನನ್ನನ್ನು ಒಡೆಯಲು ಕುಷ್ಟ ಬೇರೆಯವರಿಗೆ ಬಿಡಲಿಲ್ಲ, ತಾನೇ ಕೊಡಲಿ ಹಿಡಿದ. ಮೂಕಾಂಬು ಮುಂದಿನ ಹಲಗೆಯನ್ನು ತೋರಿಸಿ, "ಅದ್ ನಂಗಿರ್ಲಿ ಅಣ್ಣ," ಎಂದಳು. ಅಣ್ಣಪ್ಪ ಆಚಾರಿ ಒದ್ದು ನೋಡಿದ ಆ ಹಲಗೆಯೊಂದು ಮಾತ್ರ ಇನ್ನೂ ಗಟ್ಟಿಯಿತ್ತು.

ಹೀಗೆ ನಾನು ಈಗ ಊರಿನ ಸಂತೆಯ ಕಟ್ಟೆಯ ಮೂಲೆಯಲ್ಲಿದ್ದೇನೆ. ಬೋಟೆಂದರೆ ಉಳಿದಿರುವುದು ಈ ಹಲಗೆಯಷ್ಟೇ. ಮೂಕಾಂಬು ನನ್ನ ಮೇಲೆ ಬಂಗುಡೆ, ಬೂತಾಯಿ ಮೀನು ಜೋಡಿಸಿ ಮಾರುತ್ತಾಳೆ. ಅವಳ ಹಿಂದೆ ಕುಷ್ಟ ಬಲೆ ಹೆಣೆಯುತ್ತ ಕೂತಿರುತ್ತಾನೆ. ಊರಿನ ಬೋಟುಗಳು ಈಗ ಹಡಗು ಕಂಡರೆ ಎದುರು ಹೋಗುವುದಿಲ್ಲವಂತೆ. ದೂರ ನಿಂತು ಬಲೆ ಹರಿಯುವುದನ್ನು ನೋಡುತ್ತವಂತೆ. ಅದಕ್ಕೇ ಕುಷ್ಟನಿಗೆ ಕೆಲಸ ತಪ್ಪುವುದಿಲ್ಲ. ಆ ಬಲೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಮ್ಮ ಬಗ್ಗೆ ಅಷ್ಟೊಂದು ಜನ ಅಷ್ಟೊಂದು ಮಾತಾಡಿದರು. ನಾವು ಯಾಕೆ ಎದುರು ಹೋಗುತ್ತಿದ್ದೆವು ಎಂಬುದು ಇಲ್ಲೇ ನಮ್ಮೆದುರು ಹಾಯುವ ಹಡಗುಗಳಿಗೂ ತಲುಪಲಿಲ್ಲ.

ಮೊನ್ನೆ ಪೇಟೆಯ ಕಡೆಯ ಹೆಂಗಸೊಬ್ಬರು ಮೀನು ಆರಿಸುತ್ತ ಮೂಕಾಂಬುವಿನ ಮುಖವನ್ನೇ ನೋಡಿದರು. "ಟೀವಿಯಲ್ಲಿ ಬರ್ತಿತ್ತಲ್ಲ, ಆಗ ಬೋಟಲ್ಲಿ ಮಲಗಿದ್ದವನನ್ನ ಹೊಡೆದು ಹಾಕಿದ್ರು ಅಂತ. ಅವನ ಹೆಂಡತಿ ನೀವೇ ಅಲ್ವಾ?"

ಕುಷ್ಟನ ಕೈ ಬಲೆಯ ಮೇಲೆ ನಿಂತಿತು. ಮೂಕಾಂಬು ಮೀನುಗಳನ್ನು ಒಂದು ಬದಿಗೆ ಸರಿಸಿದಳು. ತಂಬಿಗೆಯ ನೀರು ಹಾಕಿ ನನ್ನನ್ನು ಅಂಗೈಯಿಂದ ಚೆನ್ನಾಗಿ ಉಜ್ಜಿ ತೊಳೆದಳು.

"ಮನಿಕಂಡಿರ್ಲಿಲ್ಲೆ ಅಮ್ಮ," ಎಂದಳು. "ಕಾಣಿ, ಇದೇ ಹಲ್ಗಿ ಮೇಲೆ ನಿತ್ಕಂಡಿದ್ರ್."