ಇಬ್ಬರದೂ ಪರೀಕ್ಷೆಯಾಗಲಿ

ಹೆಂಗಸರು ಹೆಂಗಸರ ಬಳಿಯೂ ಬಾಯಿಬಿಟ್ಟು ಆಡದ ಮಾತನ್ನು ಕಥೆ ಮಾಡಿ ಹೇಳಹೊರಟಿದ್ದಕ್ಕೆ ಓದುವವರು ಕ್ಷಮಿಸಬೇಕು. ಹೇಳಬಹುದೇ ಎಂಬ ಅಳುಕು ಈಗಲೂ ಇದೆ. ಆದರೆ ಸುಮ್ಮನಿದ್ದರೆ ಇನ್ನೊಂದು ಮನೆಯಲ್ಲೂ ಹೀಗೇ ನಡೆದೀತು.

ಫಿನ್ಲೆಂಡಿನ ಟೀರಾಸಾರಿ ದ್ವೀಪದಲ್ಲಿ ಶನಿವಾರವೆಂದರೆ ಸೌನಾ. ಮಧ್ಯಾಹ್ನದಿಂದಲೇ ಪ್ರತಿ ಮನೆಯ ಸ್ನಾನದ ಗುಡಿಸಲಿನಲ್ಲೂ ಬರ್ಚ್ ಸೌದೆ ಉರಿಯುತ್ತದೆ. ಕಾದ ಕಲ್ಲಿಗೆ ನೀರೆರಚಿ ಮೊದಲು ಗಂಡಸರು, ಆಮೇಲೆ ಹೆಂಗಸರು ಮಕ್ಕಳು ಒಟ್ಟಾಗಿ ಬೆವರಿ ಮೀಯುತ್ತಾರೆ. ಮನೆಯಲ್ಲಿ ಬಿಳಿಸ್ರಾವ ಹೋಗುವ ಹೆಂಗಸಿದ್ದರೆ ಅವಳ ಸರದಿ ಮಾತ್ರ ಎಲ್ಲರಿಗಿಂತ ಕೊನೆಗೆ, ಕಲ್ಲು ಆರಿದ ಮೇಲೆ. ಈ ಕಟ್ಟಳೆ ಮಾಡಿದವರು ಯಾರೆಂದು ಯಾರೂ ಕೇಳಿರಲಿಲ್ಲ.

ಮೀನುಗಾರ ಟೊಯಿವೊನ ಹೆಂಡತಿ ಸೈಮಿ ಎರಡು ವರ್ಷದಿಂದ ಹೀಗೆ ಕೊನೆಯವಳಾಗಿ ಮೀಯುತ್ತಿದ್ದಳು. ಆರು ವರ್ಷದ ಮಗಳು ಇರ್ಯಾ ಮಾತ್ರ ಹಟಮಾಡಿ ಅಮ್ಮನ ಜೊತೆ ಬರುತ್ತಿದ್ದಳು. ಸೈಮಿಗೆ ಉರಿ, ತುರಿಕೆ, ಹಳದಿ ನೊರೆಯಂಥ ಸ್ರಾವ. ಮೀನು ಸೀಳುತ್ತ ಕುಳಿತಾಗ ಆ ವಾಸನೆ ಮೀನಿನದೋ ತನ್ನದೋ ಎಂದು ಕುಗ್ಗಿಹೋಗುತ್ತಿದ್ದಳು. ಅತ್ತೆ ಮಂಡಾ ಹೇಳಿದಂತೆ ವಿನೆಗರ್ ನೀರಿನಲ್ಲಿ ತೊಳೆದು ತೊಳೆದು ಚರ್ಮ ಬಿರಿದಿತ್ತು. ತಿಂಗಳಿಗೊಮ್ಮೆ ಬರುವ ವೈದ್ಯರು ಎರಡು ಸಲ ಸ್ರಾವವನ್ನು ಗಾಜಿಗೆ ಸವರಿ, ದಡದ ಊರಿನ ಪ್ರಯೋಗಾಲಯಕ್ಕೆ ದೋಣಿಯಲ್ಲಿ ಕಳಿಸಿದ್ದರು. ಎರಡು ಸಲವೂ ಏನೂ ಕಾಣಲಿಲ್ಲವೆಂದು ವರದಿ ಬಂದಿತು.

"ರೋಗ ಇದ್ದಿದ್ರೆ ಡಾಕ್ಟ್ರಿಗೆ ಕಾಣ್ತಿರ್ಲಿಲ್ವಾ? ಇದು ಕೊಳಕು, ಅಷ್ಟೆ," ಎಂದಳು ಮಂಡಾ. "ಇನ್ಮೇಲೆ ಮಗು ನನ್ ಜೊತೆ ಮೀಯ್ಲಿ. ನಿನ್ ಜೊತೆ ಬೇಡ."

ಆ ಮಾತು ವಿನೆಗರ್‌ಗಿಂತ ಹೆಚ್ಚು ಉರಿಯಿತು.

ಮರುದಿನ ಸೈಮಿ, ಮಗುವಿನ ಕೆಮ್ಮಿನ ನೆಪ ಹೇಳಿ, ದ್ವೀಪಕ್ಕೆ ಹೊಸದಾಗಿ ಬಂದಿದ್ದ ನರ್ಸ್ ಐನಿಯ ಬಳಿ ಹೋದಳು. ಐನಿ ಮೂಗು ಮುಚ್ಚಿಕೊಳ್ಳಲಿಲ್ಲ. ಇದು ಕಣ್ಣಿಗೆ ಕಾಣದ ಒಂದು ಜೀವಿಯ ಕೆಲಸವಿರಬಹುದು, ಈಜಾಡುತ್ತಿದ್ದರೆ ಮಾತ್ರ ಗಾಜಿನ ಮೇಲೆ ಗುರುತು ಸಿಗುತ್ತದೆ, ಮೂರು ಗಂಟೆ ದೋಣಿಯ ಚಳಿಗೆ ಸಿಕ್ಕರೆ ಅಲುಗದೆ ಬಿದ್ದು ಕಣ್ತಪ್ಪುತ್ತದೆ ಎಂದು ವಿವರಿಸಿದಳು. ಈಗ ಬೇರೆ ದಾರಿಯಿತ್ತು. ಸ್ರಾವವನ್ನು ತೆಗೆದ ಕೂಡಲೇ ಪೋಷಕ ದ್ರವದ ಕೊಳವೆಗೆ ಹಾಕಿ ಆ ಜೀವಿಯನ್ನು ಬೆಳೆಸುವುದು.

"ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೆ. ಬೆಚ್ಚಗಿಟ್ಟು ಕಾಯ್ಬೇಕು. ದಿನಾ ನೋಡ್ಬೇಕು."

ಇದು ಗಂಡಹೆಂಡಿರ ನಡುವೆ ಹೋಗಿ ಬಂದು ಮಾಡುತ್ತದೆ, ಗಂಡಸಿಗೆ ಎಷ್ಟೋ ಸಲ ಏನೂ ಅನ್ನಿಸುವುದಿಲ್ಲ ಎಂದೂ ಹೇಳಿದಳು. ಆದರೆ ಈ ದ್ವೀಪದ ಒಬ್ಬ ಗಂಡಸೂ ಇಲ್ಲಿಯವರೆಗೆ ಪರೀಕ್ಷೆಗೆ ಬಂದಿರಲಿಲ್ಲ.

ಸೈಮಿ ಹೇಳಿದಳು: "ಹಾಗಾದ್ರೆ ನಂದೊಂದೇ ತಗೋಬೇಡಿ, ಸಿಸ್ಟರ್. ಇಬ್ಬರದೂ ಆಗ್ಲಿ. ಇಲ್ದಿದ್ರೆ ನಂದೂ ಬೇಡ."

ಕಾಫಿಯ ಹೊತ್ತಿಗೆ ಮನೆಯಲ್ಲಿ ವಿಷಯ ತೆಗೆದಾಗ ಮಂಡಾ ಬಟ್ಟಲು ಕೆಳಗಿಟ್ಟಳು. "ಗಂಡಸ್ರಿಗೂ ಪರೀಕ್ಷೆನಾ? ನಾಳೆ ದೋಣಿಗೂ ಜ್ವರ ನೋಡ್ತಾರೆ."

"ನಂಗೇನು ಉರಿನಾ, ತುರಿಕೆನಾ?" ಎಂದ ಟೊಯಿವೊ. "ಊರೋರು ನಗ್ತಾರೆ."

ಸೈಮಿ ಬಿಡಲಿಲ್ಲ. "ಎರಡು ವರ್ಷ ನನ್ ನೋಡಿ ನಕ್ಕಿದಾರೆ. ನೀನು ಒಂದಿನ ತಡ್ಕೋ. ಮಗು ನನ್ ಜೊತೇನೇ ಮೀಯೋದು. ನೀನು ಪರೀಕ್ಷೆ ಮಾಡಿಸ್ಕೊಳ್ಳೋ ತನಕ ನಾನು ನಿನ್ ಪಕ್ಕ ಮಲಗಲ್ಲ."

ಟೊಯಿವೊ ಎದ್ದು ದೋಣಿ ನೂಕಿಕೊಂಡು ಹೋದ. ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದ. ಮೂರನೆಯ ಬೆಳಗ್ಗೆ, ಸೈಮಿಯ ಹಿಂದೆ, ಟೋಪಿ ಕೈಯಲ್ಲಿ ಹಿಡಿದು ಐನಿಯ ಬಾಗಿಲಲ್ಲಿ ನಿಂತಿದ್ದ.

ಐನಿ ಇಬ್ಬರಿಂದಲೂ ಮಾದರಿ ತೆಗೆದು, ಎರಡು ಕೊಳವೆಗಳಿಗೂ ಹೆಸರು ಬರೆದು, ಉಣ್ಣೆಯಲ್ಲಿ ಸುತ್ತಿ, ಸ್ವೆಟರಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ಅಂಚೆದೋಣಿ ಹತ್ತಿದಳು. ದಾರಿಯುದ್ದಕ್ಕೂ ಹೊಟ್ಟೆ ಹಿಡಿದು ಕೂತವಳನ್ನು ನೋಡಿ ದೋಣಿಯವನು, ಮೊಟ್ಟೆಗೆ ಕಾವು ಕೂತಿದೀರಾ ಎಂದು ಕೇಳಿದ. ಮರಿಯಾದ ಮೇಲೆ ತೋರಿಸುತ್ತೇನೆ ಎಂದಳು.

ಕೊಳವೆಗಳು ಹೋದ ನಾಲ್ಕನೆಯ ದಿನ ಮೀನು ಮಾರಲು ದಡಕ್ಕೆ ಹೋದ ಟೊಯಿವೊ, ತನ್ನಲ್ಲಿ ಏನೂ ಇಲ್ಲವೆಂದು ಕೇಳಿಸಿಕೊಂಡು ಬರೋಣವೆಂದೇ ಪ್ರಯೋಗಾಲಯಕ್ಕೆ ಹೋದ. ಅಲ್ಲಿನ ಹೆಂಗಸು ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವನನ್ನು ಕರೆದಳು. ಪೇರ್ ಹಣ್ಣಿನಾಕಾರದ ಜೀವಿಗಳು ಚಾವಟಿಯಂಥ ಎಳೆ ಬೀಸುತ್ತ ಗಿರಗಿರನೆ ಓಡಾಡುತ್ತಿದ್ದವು.

"ಇದು ಸೈಮಿದಾ?"

"ಅವರದ್ರಲ್ಲೂ ಇವೆ. ಇದು ನಿಮ್ದು."

ಅವನು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದ. ಮನೆಗೆ ಬಂದು, ದಡದ ವೈದ್ಯರು ಇಬ್ಬರಿಗೂ ಕೊಟ್ಟ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, ತಾಯಿಗೆ ತಾನೇ ಹೇಳಿದ: "ಅಮ್ಮ, ನನ್ನಲ್ಲೂ ಇದೆ. ಅವಳು ಕೊಳಕಾದ್ರೆ ನಾನೂ ಕೊಳಕು. ಈ ಶನಿವಾರ ಕೊನೇ ಸರದಿ ನಂದು."

ಅಂದಂತೆಯೇ ಆರಿದ ಕಲ್ಲಿನ ಮುಂದೆ ಮಿಂದು ಬಂದ.

ಮಾತ್ರೆ ಮುಗಿಯುವಷ್ಟರಲ್ಲಿ ಸೈಮಿಯ ಉರಿ ತಗ್ಗಿತು, ವಾಸನೆ ಹೋಯಿತು. ಕೆಲವು ವಾರಗಳ ಮೇಲೆ ಐನಿ ಇನ್ನೆರಡು ಕೊಳವೆ ಕಟ್ಟಿಕೊಂಡು ಹೋದಳು. ವಾರವಿಡೀ ಬೆಚ್ಚಗಿಟ್ಟರೂ ಅವುಗಳಲ್ಲಿ ಏನೂ ಬೆಳೆಯಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ದ್ವೀಪದ ನಾಲ್ವರು ಗಂಡಸರು, ಹಲ್ಲುನೋವು ಬೆನ್ನುನೋವು ಎಂದು ಹೇಳಿಕೊಂಡು ಐನಿಯ ಮನೆಗೆ ಹೋಗಿಬಂದರು. ಮೂರು ಮನೆಗಳಲ್ಲಿ ಕೊನೆಯ ಸರದಿ ನಿಂತಿತು.

ಬೇಸಿಗೆಯ ಕೊನೆಯ ಶನಿವಾರ ಸೈಮಿ ಮಗಳೊಂದಿಗೆ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಕುಳಿತು, ಕೆಂಪಗೆ ಕಾದ ಕಲ್ಲಿಗೆ ತಾನೇ ನೀರೆರಚಿದಳು. ಹಬೆ ಬುಸ್ಸೆಂದು ಎದ್ದಿತು. ಇರ್ಯಾ ಕಿರುಚುತ್ತ ನಗುತ್ತ ಅಮ್ಮನ ಬೆನ್ನಿಗೆ ಅಂಟಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಂಡಾ ಒಳಗೆ ಬರಲೋ ಬೇಡವೋ ಎಂಬಂತೆ, "ನಾನೂ ಹನ್ನೊಂದು ವರ್ಷ ಕೊನೇಲೇ ಮಿಂದಿದೀನಿ, ಸೈಮಿ," ಎಂದಳು.

"ಬನ್ನಿ ಅತ್ತೆ, ಬಾಗ್ಲು ಹಾಕಿ. ಹಬೆ ಹೋಗುತ್ತೆ," ಎಂದು ಸೈಮಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಗಂಡಹೆಂಡಿರಲ್ಲಿ ಮೊದಲು ಯಾರಿಗೆ ಬಂತೆಂದು ಆ ಪರೀಕ್ಷೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಂಡಾಳಿಗೆ ಆ ಹನ್ನೊಂದು ವರ್ಷ ಇದ್ದದ್ದು ಇದೇ ರೋಗವೋ ಬೇರೆಯೋ, ಆಗ ಯಾರೂ ನೋಡಲಿಲ್ಲ. ಅದು ಗೊತ್ತಿಲ್ಲ.