ಹತ್ತು ಡಬ್ಬ, ಒಂದು ಮೀಟರ್

ಮೊದಲ ಏಟು ಬಿದ್ದದ್ದು ನನಗೆ.

ಸೈಬರ್ ಸೆಂಟರಿನ ಬಸಲಿಂಗ ನನ್ನ ಅಂಗಡಿಗೆ ನುಗ್ಗಿದವನೇ, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಎಡಗೆನ್ನೆಗೆ ಬಿಟ್ಟ. ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ನಾಲಿಗೆ ಕುಯ್ದಿತು. ಉಗಿದರೆ ಕೆಂಪು.

"ಉಳಿತಾಯ ಅಂದ್ಯಲ್ಲೋ ಮಗನ! ಎಲ್ಲೈತಿ? ತೋರಸು!"

ಅವನು ಬಾಗಲಕೋಟೆ ಕಡೆಯವನು. ನೀರು ಕೇಳಿದರೂ ಜಗಳಕ್ಕೆ ಕರೆದ ಹಾಗಿರುತ್ತದೆ. ಅವತ್ತು ನಿಜಕ್ಕೂ ಜಗಳಕ್ಕೇ ಕರೆದಿದ್ದ.

ಇದು ಕಾಡುಗೋಡಿಯಲ್ಲಿ, ಎರಡು ಸಾವಿರದ ಒಂಬತ್ತರಲ್ಲಿ ನಡೆದದ್ದು. ಅದಕ್ಕೆ ಎರಡು ತಿಂಗಳ ಹಿಂದೆ ನಾನು, ಅಂದರೆ ಕಂಪ್ಯೂಟರ್ ರಿಪೇರಿಯ ಪರಮಾನಂದ, ಅವನ ಹತ್ತೂ ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಹಳೇ ಪವರ್ ಸಪ್ಲೈ ಡಬ್ಬ ಬಿಚ್ಚಿ ಹೊಸವು ಕೂರಿಸಿದ್ದೆ. ಹಳೆಯವು ನೂರು ವ್ಯಾಟ್ ಕೆಲಸಕ್ಕೆ ನೂರೈವತ್ತು ಎಳೆದು, ಮಿಕ್ಕಿದ್ದನ್ನು ಬಿಸಿಗಾಳಿ ಮಾಡಿ ಗಿರಾಕಿಗಳ ಮೊಣಕಾಲಿಗೆ ಊದುತ್ತಿದ್ದವು. ಹೊಸವು ಅದೇ ಕೆಲಸವನ್ನು ನೂರಾಹದಿನೆಂಟರಲ್ಲಿ ಮುಗಿಸುತ್ತವೆ. ದಿನಕ್ಕೆ ಹನ್ನೆರಡು ಗಂಟೆ, ಯೂನಿಟ್ಟಿಗೆ ಆರು ರೂಪಾಯಿ: ತಿಂಗಳಿಗೆ ಹತ್ತಿರ ಹತ್ತಿರ ಏಳುನೂರು ಉಳಿತಾಯ, ಎರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟಿದ್ದೆ. ಆ ಹಾಳೆ ನಂಬಿ ಅವನ ಹೆಂಡತಿ ಸವಿತಾ ತನ್ನ ದೊಡ್ಡ ಹೊಲಿಗೆ ಮಷಿನ್ ಮಾರಿ ಹದಿನೈದು ಸಾವಿರ ಕೊಟ್ಟಿದ್ದಳು. "ಎರಡ ವರ್ಷಕ್ಕ ನನ್ನ ಮಷಿನ್ ಮನಿಗೆ ಬರಬೇಕ್ರಿ ಅಣ್ಣಾರ" ಅಂದಿದ್ದಳು. ಹೇಳಿದ್ದು ಗಂಡನಿಗಲ್ಲ, ನನಗೆ.

ಲೆಕ್ಕ ಸರಿಯಾಗೇ ಇತ್ತು. ಮೀಟರ್ ಯಾರದು ಅಂತ ಮಾತ್ರ ನಾನು ಕೇಳಿರಲಿಲ್ಲ.

ಬಿಲ್ಡಿಂಗಿಗೆಲ್ಲ ಒಂದೇ ಮೀಟರು, ಅದು ಓನರ್ ಶ್ಯಾಮಣ್ಣನದು. ಅವನು ಕಂಪ್ಯೂಟರಿಗೆ ಇಷ್ಟು ಅಂತ ತಲೆ ಎಣಿಸಿ ತಿಂಗಳಿಗೆ ನಾಲ್ಕು ಸಾವಿರ ಕರೆಂಟ್ ದುಡ್ಡು ವಸೂಲಿ ಮಾಡುವವನು. ಡಬ್ಬ ಬದಲಾದ ಮೇಲೆ ಬಿಲ್ ಇಳಿದದ್ದು ಅವನಿಗೆ. ಬಸಲಿಂಗನ ನಾಲ್ಕು ಸಾವಿರ ನಾಲ್ಕು ಸಾವಿರವೇ. ಪವರ್ ಸಪ್ಲೈನಲ್ಲಿ ಸಪ್ಲೈ ನಮ್ಮದು, ಪವರ್ ಶ್ಯಾಮಣ್ಣನದು.

ಬಸಲಿಂಗ ನನ್ನ ಕಾಲರ್ ಹಿಡಿದು ಓನರ್ ಹತ್ತಿರಕ್ಕೇ ಎಳೆದುಕೊಂಡು ಹೋದ. ಶ್ಯಾಮಣ್ಣ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಪಕ್ಕದಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದ.

"ಬಿಲ್ ಎಷ್ಟ ಇಳದೈತಿ, ಅಷ್ಟ ಕಡಿಮಿ ಮಾಡ್ರಿ" ಅಂದ ಬಸಲಿಂಗ.

"ಕಂಪ್ಯೂಟ್ರು ಅತ್ತು ಐತಾ? ಐತೆ. ಅಂಗಾದ್ರೆ ನಾಕ್ಸಾವ್ರ" ಅಂದ ಶ್ಯಾಮಣ್ಣ, ಪುರಿ ಜಗಿಯುತ್ತಾ. "ಒಸಾ ಡಬ್ಬ ಆಕು ಅಂತ ನಾನೇಳಿದ್ನಾ? ನಿನ್ ಎಂಡ್ತಿಗೆ ಮಷಿನ್ ಮಾರು ಅಂದ್ನಾ? ಓಗ್ ಓಗು."

ಹೆಂಡತಿಯ ಮಾತು ಬಂದದ್ದೇ ತಡ, ಬಸಲಿಂಗ ಅವನ ಎದೆಗೆ ಒದ್ದ. ಶ್ಯಾಮಣ್ಣನ ತಲೆ ಮೀಟರ್ ಬೋರ್ಡಿನ ಮೂಲೆಗೆ ಬಡಿದು ಹುಬ್ಬಿನ ಮೇಲೆ ಗಾಯ ಬಾಯಿ ಬಿಟ್ಟಿತು. ಪುರಿಯೆಲ್ಲ ಕೆಂಪು. ಕೆಳಗೆ ಬಿದ್ದವನನ್ನು ಬಸಲಿಂಗ ಮತ್ತೆ ಎತ್ತಿ, ಮತ್ತೆ ಗೋಡೆಗೆ ಗುದ್ದಿದ. ಶ್ಯಾಮಣ್ಣನ ಕೈಗೆ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಸಿಕ್ಕಿತು. ಬೀಸಿದ. ಬಸಲಿಂಗನ ಮುಂಗೈ ಒಣಗಿದ ಕಡ್ಡಿ ಮುರಿದಂತೆ ಟಕ್ ಅಂತು. ಬಿಡಿಸೋಕೆ ಹೋದ ನನ್ನ ಪಕ್ಕೆಗೂ ಒಂದು ಬಿತ್ತು. ಅದು ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ನಾನಲ್ಲ ಅಂತಾರೆ.

ಓಡಿಬಂದ ಸವಿತಾ ಕೊಕ್ಕೆ ಕಿತ್ತುಕೊಂಡು ರಸ್ತೆಗೆ ಎಸೆದಳು. "ಬಡದಾಡ್ಕೊಂಡ ಸಾಯ್ರಿ! ನೀವ ಸತ್ರ ನನ್ನ ಮಷಿನ್ ಬರತೈತೇನು?"

ಶ್ಯಾಮಣ್ಣ ಟವಲ್ ಒತ್ತಿಕೊಂಡು ಏದುಸಿರಲ್ಲೇ ಹೇಳಿದ: "ಸ್ಟೇಸನ್‌ಗೂ ಓಗಲ್ಲ. ಅಂಗ್ಡಿನೂ ಬಿಡ್ಸಲ್ಲ. ಆದ್ರೆ ನಾಕ್ಸಾವ್ರ ನಾಕ್ಸಾವ್ರನೇ."

ಒಡೆದ ತಲೆಯನ್ನೂ ನುಂಗಿಕೊಂಡು ಬಾಡಿಗೆದಾರನನ್ನು ಉಳಿಸಿಕೊಳ್ಳುವ ಓನರನ್ನು ಕಾಡುಗೋಡಿಯಲ್ಲಿ ನಾನು ನೋಡಿಲ್ಲ. ಹಾಗಾದರೆ ಅವನ ಬಿಲ್ಲಿನಲ್ಲಿ ಏಳುನೂರು ನಿಜವಾಗಿಯೂ ಉಳಿಯುತ್ತಿದೆ! ಪಕ್ಕೆ ನೋವಿನಲ್ಲೂ ನನಗೆ ನಾಚಿಕೆಗೆಟ್ಟ ಖುಷಿಯಾಯಿತು.

ಬಸಲಿಂಗನಿಗೂ ಅದೇ ಹೊಳೆದಿರಬೇಕು. ಮುರಿದ ಕೈಯನ್ನು ಎದೆಗೆ ಅವಚಿಕೊಂಡು ಸೆಂಟರಿನೊಳಗೆ ಹೋಗಿ, ಮೊದಲ ಕಂಪ್ಯೂಟರಿನ ವೈರು ಕಿತ್ತು, ಮೇಜಿನ ಕೆಳಗೆ ಕೂತ.

"ಪರಮ್ಯಾ, ಹಳೇ ಡಬ್ಬಿ ಅದಾವೇನೋ?"

"ಗೋಣಿಚೀಲದಲ್ಲಿ ಬಿದ್ದಿವೆ. ಯಾಕೆ?"

"ತಗೊಂಬಾ. ಅವನ್ನ ಹಾಕೂಣು. ಇವನ್ನ ಮಾರಿಬಿಡು."

ಒಂದು ಡಬ್ಬಕ್ಕೆ ನಾಲ್ಕು ಸ್ಕ್ರೂ. ಬಸಲಿಂಗ ಒಂದೇ ಕೈಯಲ್ಲಿ ಬಿಚ್ಚಿದ ಮೊದಲನೆಯದು ನೆಲಕ್ಕೆ ಬಿದ್ದು ಉರುಳಿತು. ಬಾಗಿಲಲ್ಲಿ ನಿಂತಿದ್ದ ಶ್ಯಾಮಣ್ಣ ಅದನ್ನೇ ನೋಡಿದ.

"ಏಯ್, ಯಾಕಪ್ಪ ಬಿಚ್ತಿದೀಯ?"

"ನಾಕ ಸಾವ್ರ ಕೊಡತೇನಲ್ರಿ? ಇನ್ನ ಹಗಲೂ ರಾತ್ರಿ ಹತ್ತೂ ಹಚ್ಚಿಡತೇನಿ. ಗಿರಾಕಿ ಇರ್ಲಿ ಬಿಡ್ಲಿ."

ಶ್ಯಾಮಣ್ಣನ ರಕ್ತ ಹತ್ತಿದ ಬೆರಳುಗಳು ಮುಂದಿನ ತಿಂಗಳ ಬಿಲ್ಲನ್ನು ತಾವಾಗಿಯೇ ಎಣಿಸತೊಡಗಿದವು. ಒದ್ದಾಗ, ಗೋಡೆಗೆ ಗುದ್ದಿದಾಗ ಬಾರದ ಭಯ ಈಗ ಮುಖಕ್ಕೆ ಬಂತು.

"ಇರಪ್ಪ, ಇರು... ನಿಂಗೇ ಒಂದು ಸಬ್‌ಮೀಟರ್ ಆಕ್ಸೋಣ. ಓಡಿದಷ್ಟು ಕೊಡು. ನಾಳೆನೇ ಆಕ್ಸೋಣ."

"ಇವತ್ತ." ಎರಡನೆಯ ಸ್ಕ್ರೂ ಬಿತ್ತು.

ಶ್ಯಾಮಣ್ಣ ಟವಲ್ ಸುತ್ತಿಕೊಂಡು, ವೈರಿಂಗ್ ಚಿನ್ನಪ್ಪನ ಹೆಸರು ಕೂಗುತ್ತಾ ರಸ್ತೆಗೆ ಓಡಿದ.

ಮೀಟರ್ ಕಣ್ಣಿಗೆ ಬೀಳುವ ತನಕ ನಂಬುವವನಲ್ಲ ಬಸಲಿಂಗ, ಕೈ ನಿಲ್ಲಿಸಲಿಲ್ಲ. ಸವಿತಾ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೂರನೆಯ ಸ್ಕ್ರೂಗೆ ಮೊಬೈಲಿನ ಟಾರ್ಚ್ ಹಿಡಿದಳು.